ಮ್ಯಾಕ್ 2ರ ಆಚೆಗೆ ಹಾರುವ ವಿಮಾನ: ಸಿಮ್ಯುಲೇಟರಿಗೆ ಯಾವ ಆ್ಯಡ್-ಆನ್ ಕೊಳ್ಳಬೇಕು?

ಪ್ರಶ್ನೆ: ಎರಡು ವರ್ಷಗಳಿಂದ ಮನೆಯ ಕಂಪ್ಯೂಟರಿನಲ್ಲಿ ಫ್ಲೈಟ್ ಸಿಮ್ಯುಲೇಟರ್ ಬಳಸುತ್ತಿದ್ದೇನೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಮತ್ತು ಎಕ್ಸ್-ಪ್ಲೇನ್ 12 ಎರಡೂ ನನ್ನಲ್ಲಿವೆ. ಕಳೆದ ತಿಂಗಳು ಅಮೆರಿಕದ ಬೇಹುಗಾರಿಕೆ ವಿಮಾನ ಎಸ್‌ಆರ್-71ರ ಒಂದು ಆ್ಯಡ್-ಆನ್ (ಸಿಮ್ಯುಲೇಟರಿಗೆ ಬೇರೆಯಾಗಿ ಕೊಂಡು ಸೇರಿಸುವ ವಿಮಾನ) ಕೊಂಡೆ. ನೋಡಲು ಬಹಳ ಚೆನ್ನಾಗಿದೆ, ಆದರೆ 20,000 ಅಡಿ ಎತ್ತರದಲ್ಲೇ ಮ್ಯಾಕ್ 3 (ಶಬ್ದದ ಮೂರು ಪಟ್ಟು ವೇಗ) ದಾಟುತ್ತದೆ, ಇಂಧನ ಇಳಿಯುವುದೇ ಕಾಣುವುದಿಲ್ಲ. ನಿಜವಾದ ವಿಮಾನ ಹೀಗಿರಲಾರದು ಎನ್ನಿಸುತ್ತಿದೆ. ಅತಿ ಎತ್ತರದಲ್ಲಿ ಶಬ್ದಾತೀತ ವೇಗದಲ್ಲಿ ಹಾರುವ ವಿಮಾನಗಳಲ್ಲಿ ನೈಜವಾಗಿ ರೂಪಿಸಿದ್ದು ಯಾವುದು ಎಂದು ಗುರುತಿಸುವುದು ಹೇಗೆ? ಮುಂದಿನದನ್ನು ಕೊಳ್ಳುವ ಮುನ್ನ ನಾನು ಏನೇನು ನೋಡಬೇಕು?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ, ಅದನ್ನು ಲೆಕ್ಕ ಹಾಕಿಯೂ ತೋರಿಸಬಹುದು. 20,000 ಅಡಿಯಲ್ಲಿ ಮ್ಯಾಕ್ 3ರ ವೇಗದಲ್ಲಿ ಹೋಗುವ ವಿಮಾನದ ಮೈಮೇಲೆ ಬೀಳುವ ಗಾಳಿಯ ಒತ್ತಡವನ್ನು ಸಮುದ್ರಮಟ್ಟದ ದಟ್ಟ ಗಾಳಿಗೆ ಹೊಂದಿಸಿ ಹೇಳಿದರೆ ಅದು 1,300 ನಾಟ್‌ಗೂ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಮೀರಿದ ವೇಗಕ್ಕೆ ಸಮ. ಎಸ್‌ಆರ್-71ಕ್ಕೆ ಈ ಲೆಕ್ಕದಲ್ಲಿ ಇದ್ದ ಮಿತಿ 500 ನಾಟ್. ಒತ್ತಡವು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ನಿಮ್ಮ ಪರದೆಯ ಮೇಲಿನ ವಿಮಾನ ನಿಜವಾದದ್ದು ತಾಳಬಲ್ಲ ಭಾರದ ಏಳು ಪಟ್ಟನ್ನು ಹೊತ್ತುಕೊಂಡು ಏನೂ ಆಗದಂತೆ ಹಾರುತ್ತಿದೆ. ಅದನ್ನು ತಯಾರಿಸಿದವರು ಆಕಾರವನ್ನೂ ಬಣ್ಣವನ್ನೂ ಶ್ರದ್ಧೆಯಿಂದ ಮಾಡಿದ್ದಾರೆ, ಎಂಜಿನ್‌ಗೆ ಬೇಕಾದಷ್ಟು ಬಲ ತುಂಬಿದ್ದಾರೆ, ಮಿತಿಗಳನ್ನು ಮಾತ್ರ ಬರೆದಿಲ್ಲ. ಈ ಬಗೆಯ ವಿಮಾನಗಳ ಸ್ವಭಾವವೆಲ್ಲ ಇರುವುದು ಆ ಮಿತಿಗಳಲ್ಲೇ. ಆದ್ದರಿಂದ ಆ್ಯಡ್-ಆನ್ ಎಷ್ಟು ವೇಗವಾಗಿ ಹೋಗುತ್ತದೆ ಎಂದು ನಾನು ಕೇಳುವುದಿಲ್ಲ. ಅದನ್ನು ಯಾವುದು ತಡೆಯುತ್ತದೆ, ಎಲ್ಲಿ ತಡೆಯುತ್ತದೆ ಎಂದು ನೋಡುತ್ತೇನೆ.

ಇದನ್ನು ಪರೀಕ್ಷಿಸಲು ಕಾಂಕಾರ್ಡ್‌ಗಿಂತ ಒಳ್ಳೆಯ ವಿಮಾನ ಇನ್ನೊಂದಿಲ್ಲ. 1969ರ ಮಾರ್ಚ್ 2ರಂದು ಫ್ರಾನ್ಸಿನ ತುಲೂಸ್‌ನಲ್ಲಿ ಮೊದಲು ಹಾರಿ, 1976ರ ಜನವರಿ 21ರಿಂದ 2003ರವರೆಗೆ ಪ್ರಯಾಣಿಕರನ್ನು ಹೊತ್ತ ಈ ವಿಮಾನದ ಬಗ್ಗೆ ಸಾರ್ವಜನಿಕವಾಗಿ ಸಿಗುವ ಮಾಹಿತಿ ಅಪಾರ. ಅದರ ಎರಡು ಮಿತಿಗಳನ್ನು ನೆನಪಿಡಿ: ಎತ್ತರದ ಏರಿಕೆಯಲ್ಲಿ, ಗಾಳಿಯ ಒತ್ತಡವನ್ನು ಅಳೆದು ವೇಗ ತೋರಿಸುವ ವೇಗಸೂಚಕ 530 ನಾಟ್ ದಾಟಬಾರದು, ಮ್ಯಾಕ್ ಸಂಖ್ಯೆ 2.04 ದಾಟಬಾರದು. ಪ್ರಮಾಣಿತ ವಾತಾವರಣದಲ್ಲಿ ಲೆಕ್ಕ ಹಾಕಿದರೆ, 50,000 ಅಡಿಯಲ್ಲಿ ಮ್ಯಾಕ್ 2ರಲ್ಲಿರುವಾಗ ವೇಗಸೂಚಕ ತೋರಿಸಬೇಕಾದದ್ದು ಹೆಚ್ಚುಕಡಿಮೆ ಅದೇ 530 ನಾಟ್. ಎಂದರೆ ಎರಡು ಮಿತಿಗಳೂ ಒಂದನ್ನೊಂದು ಸಂಧಿಸುವುದು ಆ ಎತ್ತರದಲ್ಲಿ, ಕಾಂಕಾರ್ಡ್ ತನ್ನ ಶಬ್ದಾತೀತ ಪಯಣವನ್ನು ಶುರುಮಾಡುತ್ತಿದ್ದದ್ದೂ ಅಲ್ಲಿಂದಲೇ. ಇಂಧನ ಕರಗಿ ಹಗುರವಾದಂತೆ ಅದು ನಿಧಾನವಾಗಿ 60,000 ಅಡಿಯ ಕಡೆಗೆ ತೇಲಿಕೊಂಡು ಏರುತ್ತಿತ್ತು. ಅಲ್ಲಿ ಅದೇ ಮ್ಯಾಕ್ 2ಕ್ಕೆ ವೇಗಸೂಚಕದ ಮುಳ್ಳು ಸುಮಾರು 430 ನಾಟ್‌ಗೆ ಇಳಿದಿರಬೇಕು. ನೀವು ನೋಡುತ್ತಿರುವ ಆ್ಯಡ್-ಆನ್‌ನಲ್ಲಿ ಈ ಎರಡು ಎತ್ತರಗಳ ಅಂಕಿಗಳನ್ನು ಬರೆದುಕೊಳ್ಳಿ. ಹತ್ತಿಪ್ಪತ್ತು ನಾಟ್ ಆಚೀಚೆ ಇದ್ದರೆ ಚಿಂತೆಯಿಲ್ಲ, ನೂರು ನಾಟ್ ವ್ಯತ್ಯಾಸ ಕಂಡರೆ ವಾತಾವರಣದ ಲೆಕ್ಕವೋ ಮಾಪಕದ ಲೆಕ್ಕವೋ ತಪ್ಪಿದೆ ಎಂದೇ ಅರ್ಥ. ವಿಮಾನ ಒಂದೇ ಎತ್ತರಕ್ಕೆ ಅಂಟಿಕೊಂಡು ಅಟ್ಲಾಂಟಿಕ್ ದಾಟುವಂತೆ ಮಾತ್ರ ಆಟೋಪೈಲಟ್ ಮಾಡಿದ್ದರೆ, ಅಲ್ಲಿಯೂ ಕೆಲಸ ಅರ್ಧಕ್ಕೆ ನಿಂತಿದೆ.

ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆ ಶಾಖದ್ದು, ನನಗೆ ಅತ್ಯಂತ ಇಷ್ಟವಾದ ಪರೀಕ್ಷೆಯೂ ಇದೇ. ಕಾಂಕಾರ್ಡ್‌ನ ಮೂತಿಯ ತುದಿ 127 ಡಿಗ್ರಿ ಸೆಲ್ಸಿಯಸ್ ದಾಟುವಂತಿರಲಿಲ್ಲ, ಏಕೆಂದರೆ ಅದರ ಮೈ ಅಲ್ಯೂಮಿನಿಯಂ ಮಿಶ್ರಲೋಹದ್ದು. ಹೊರಗಿನ ಗಾಳಿ ಮೈನಸ್ 56.5 ಡಿಗ್ರಿ ಇದ್ದಾಗ ಮ್ಯಾಕ್ 2.02ರ ವೇಗದಲ್ಲಿ ಗಾಳಿ ಅಪ್ಪಳಿಸಿ ನಿಲ್ಲುವ ಜಾಗದ ತಾಪ ಸುಮಾರು 120 ಡಿಗ್ರಿ ಆಗುತ್ತದೆ. ಗಾಳಿ ಕೇವಲ ಐದು ಡಿಗ್ರಿ ಬೆಚ್ಚಗಾದರೆ ಅದೇ ವೇಗಕ್ಕೆ 129 ಡಿಗ್ರಿ, ಅಂದರೆ ಮಿತಿ ಮೀರಿತು. ವಿಮಾನ ಮ್ಯಾಕ್ 2.0ರ ಆಸುಪಾಸಿಗೆ ಇಳಿಯಲೇಬೇಕು. ಹತ್ತು ಡಿಗ್ರಿ ಬೆಚ್ಚಗಾದರೆ 1.96ಕ್ಕಿಂತ ಹೆಚ್ಚು ಹೋಗುವಂತಿಲ್ಲ. ಸಿಮ್ಯುಲೇಟರಿನ ಹವಾಮಾನದ ಪುಟದಲ್ಲಿ ಮೇಲಿನ ಪದರದ ತಾಪವನ್ನು ಕೈಯಿಂದ ಹತ್ತು ಡಿಗ್ರಿ ಏರಿಸಿ, ಆಟೋಥ್ರಾಟಲ್ (ಎಂಜಿನ್ ಬಲವನ್ನು ತಾನಾಗಿ ಹೊಂದಿಸುವ ಏರ್ಪಾಡು) ಮತ್ತು ಆಟೋಪೈಲಟ್ ಹಾಕಿ, ಐದು ನಿಮಿಷ ಸುಮ್ಮನೆ ನೋಡುತ್ತಾ ಕುಳಿತುಕೊಳ್ಳಿ. ನಾನು ಬಳಸುವ ಕಾಂಕಾರ್ಡ್‌ನಲ್ಲಿ ಮೂತಿಯ ತಾಪದ ಮುಳ್ಳು 124, 125, 126 ಎಂದು ತೆವಳುತ್ತಾ ಹೋಗಿ, ಅದು ಮಿತಿಯ ಗೆರೆಯ ಹತ್ತಿರ ಬಂದೊಡನೆ ವಿಮಾನ ಮೂತಿಯನ್ನು ಒಂದಿಷ್ಟೇ ಎತ್ತಿ, ವೇಗವನ್ನು ಎತ್ತರಕ್ಕೆ ಬದಲಾಯಿಸಿಕೊಂಡು, ಮ್ಯಾಕ್ ಅಂಕಿಯನ್ನು ತಾನಾಗಿ ಕೆಳಗಿಳಿಸಿತು. ಅದನ್ನು ಮೊದಲ ಸಲ ಕಂಡ ರಾತ್ರಿ ನನಗೆ ಆದ ಸಂತೋಷ ಯಾವ ಸುಂದರ ಸೂರ್ಯೋದಯದ ಚಿತ್ರದಿಂದಲೂ ಆಗಿರಲಿಲ್ಲ. ಇದರ ಇನ್ನೊಂದು ಮುಖವೂ ಇದೆ. ಉಷ್ಣವಲಯದಲ್ಲಿ ನೆಲದ ಬಳಿ ಸೆಕೆ ಇದ್ದರೂ ಹದಿನಾರು, ಹದಿನೇಳು ಕಿಲೋಮೀಟರ್ ಮೇಲೆ ಗಾಳಿ ಯುರೋಪಿನ ಮೇಲಿನದಕ್ಕಿಂತ ಬಹಳ ತಣ್ಣಗಿರುತ್ತದೆ. ನಮ್ಮ ಕರ್ನಾಟಕದ ಆಕಾಶದಲ್ಲೂ ಅಲ್ಲಿ ಮೈನಸ್ 80ರ ಹತ್ತಿರ ಇರುತ್ತದೆ. ಬಾರ್ಬಡೋಸ್‌ಗೆ ಹೋಗುತ್ತಿದ್ದ ಬ್ರಿಟಿಷ್ ಏರ್‌ವೇಸ್ ಕಾಂಕಾರ್ಡ್‌ಗಳು ಅಂಥ ತಣ್ಣನೆಯ ಗಾಳಿಯಲ್ಲಿ ಹೆಚ್ಚು ಸಲೀಸಾಗಿ ಮೇಲೇರುತ್ತಿದ್ದವು. ನಿಜವಾದ ಹವಾಮಾನವನ್ನು ಜೋಡಿಸಿಕೊಂಡು ಲಂಡನ್‌ನಿಂದ ನ್ಯೂಯಾರ್ಕಿಗೂ ಬಾರ್ಬಡೋಸಿಗೂ ಹಾರಿ ನೋಡಿದಾಗ ಈ ಭೇದ ಕಾಣದಿದ್ದರೆ, ಆ ಎಂಜಿನ್‌ಗೆ ಹೊರಗಿನ ತಾಪ ತಲುಪುತ್ತಿಲ್ಲ.

ಶಬ್ದದ ವೇಗವನ್ನು ದಾಟುವ ಹೊತ್ತಿಗೆ ಆಗುವುದನ್ನೂ ಗಮನಿಸಬೇಕು. ಮ್ಯಾಕ್ 0.95ರಿಂದ ಆಚೆಗೆ ಗಾಳಿಯ ಎಳೆತ ದಿಢೀರನೆ ಏರುತ್ತದೆ. ಕಾಂಕಾರ್ಡ್‌ನ ಚಾಲಕರು ಅಲ್ಲಿ ನಾಲ್ಕೂ ಒಲಿಂಪಸ್ 593 ಎಂಜಿನ್‌ಗಳ ರೀಹೀಟ್ (ಎಂಜಿನ್‌ನಿಂದ ಹೊರಬೀಳುವ ಬಿಸಿ ಗಾಳಿಗೆ ಇಂಧನ ಚಿಮ್ಮಿಸಿ ಹೆಚ್ಚು ಬಲ ಪಡೆಯುವ ಏರ್ಪಾಡು, ಅಂದರೆ ಆಫ್ಟರ್‌ಬರ್ನರ್) ಹಚ್ಚಿ, ಮ್ಯಾಕ್ 1.7 ಮುಟ್ಟಿದ ಮೇಲೆ ಆರಿಸುತ್ತಿದ್ದರು. ಅಲ್ಲಿಂದ ಮುಂದೆ ಮ್ಯಾಕ್ 2ರವರೆಗೆ ಮತ್ತು ಇಡೀ ಪಯಣದುದ್ದಕ್ಕೂ ರೀಹೀಟ್ ಇಲ್ಲದೆಯೇ ಹೋಗುತ್ತಿದ್ದರು. ಎಸ್‌ಆರ್-71ರ ಚಾಲಕರಿಗೆ ಇನ್ನೊಂದು ಉಪಾಯವಿತ್ತು: ಸುಮಾರು 33,000 ಅಡಿಗೆ ಏರಿ, ಮೂತಿಯನ್ನು ತುಸು ಕೆಳಗಿಳಿಸಿ ಇಳಿಜಾರಿನಲ್ಲಿ ಶಬ್ದದ ವೇಗ ದಾಟಿ, 450 ನಾಟ್ ಸಿಕ್ಕೊಡನೆ ಮತ್ತೆ ಏರತೊಡಗುವುದು. ಆ್ಯಡ್-ಆನ್‌ನಲ್ಲಿ ರೀಹೀಟ್ ಹಚ್ಚದೆ, ಇಳಿಜಾರೂ ಇಲ್ಲದೆ, ಲೋಕಲ್ ರೈಲು ನಿಲ್ದಾಣ ಬಿಟ್ಟಷ್ಟು ಸಲೀಸಾಗಿ ಮ್ಯಾಕ್ 1.2 ಬಂದರೆ ಎಳೆತದ ಕೋಷ್ಟಕದಲ್ಲಿ ಆ ದಿಢೀರ್ ಏರಿಕೆಯ ಗುಡ್ಡವೇ ಇಲ್ಲ. ಆ ಗುಡ್ಡ ಎಷ್ಟು ನಿಜ ಎಂಬುದನ್ನು ಬೆಂಗಳೂರು ಚೆನ್ನಾಗಿ ಬಲ್ಲದು. ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ಮುಂದಾಳತ್ವದಲ್ಲಿ ಎಚ್‌ಎಎಲ್ ರೂಪಿಸಿ, 1961ರ ಜೂನ್ 17ರಂದು ಮೊದಲು ಹಾರಿದ ಎಚ್‌ಎಫ್-24 ಮಾರುತ್ ಮ್ಯಾಕ್ 2ರ ಕನಸಿನ ಮೈಕಟ್ಟನ್ನು ಹೊಂದಿತ್ತು. ಆದರೆ ಅದಕ್ಕೆ ತಕ್ಕ ಎಂಜಿನ್ ಸಿಗಲಿಲ್ಲ; ಆಫ್ಟರ್‌ಬರ್ನರ್ ಇಲ್ಲದ ಎರಡು ಆರ್ಫಿಯಸ್ 703 ಎಂಜಿನ್‌ಗಳಿಂದ ಆ ವೇಗದ ಹತ್ತಿರಕ್ಕೂ ಅದು ಹೋಗಲಾಗಲಿಲ್ಲ. ಚೂಪು ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ ಇದ್ದೊಡನೆ ವೇಗ ಬಂತು ಎಂದು ತಿಳಿದ ಆ್ಯಡ್-ಆನ್ ತಯಾರಕರು ಮಾರುತ್‌ನ ಇತಿಹಾಸವನ್ನು ಒಮ್ಮೆ ನೋಡಬೇಕು.

ಇನ್ನು ಗಾಳಿ ಒಳಹೋಗುವ ಇನ್‌ಟೇಕ್‌ಗಳು. ಯಾವ ಜೆಟ್ ಎಂಜಿನ್ನೂ ಶಬ್ದಾತೀತ ವೇಗದ ಗಾಳಿಯನ್ನು ಹಾಗೆಯೇ ನುಂಗಲಾರದು. ಎಂಜಿನ್‌ನ ಮುಖಕ್ಕೆ ಬರುವಷ್ಟರಲ್ಲಿ ಅದು ಶಬ್ದದ ಅರ್ಧ ವೇಗದ ಆಸುಪಾಸಿಗೆ ನಿಧಾನವಾಗಿರಬೇಕು. ಕಾಂಕಾರ್ಡ್‌ನಲ್ಲಿ ಈ ಕೆಲಸವನ್ನು ಇನ್‌ಟೇಕ್ ಒಳಗಿನ ಚಲಿಸುವ ಹಲಗೆಗಳು ಮ್ಯಾಕ್ 1.3ರಿಂದ ಶುರುಮಾಡುತ್ತವೆ. ಎಸ್‌ಆರ್-71ರಲ್ಲಿ ಇನ್‌ಟೇಕ್ ಬಾಯಲ್ಲಿರುವ ಶಂಕುವಿನಾಕಾರದ ಸ್ಪೈಕ್ ಮ್ಯಾಕ್ 1.6ರಿಂದ ಹಿಂದಕ್ಕೆ ಸರಿಯತೊಡಗಿ, ಮ್ಯಾಕ್ 3.2ರ ಹೊತ್ತಿಗೆ ಸುಮಾರು 26 ಇಂಚು ಒಳಗೆ ಹೋಗಿರುತ್ತದೆ. ಆ ವೇಗದಲ್ಲಿ ವಿಮಾನವನ್ನು ಮುಂದಕ್ಕೆ ತಳ್ಳುವ ಬಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬರುವುದು ಈ ಇನ್‌ಟೇಕ್‌ನ ಒಳಗಿನ ಒತ್ತಡದಿಂದ. ಒಳಗೆ ಕುಳಿತಿರಬೇಕಾದ ಆಘಾತ ತರಂಗ ಹೊರಕ್ಕೆ ಚಿಮ್ಮಿತೆಂದರೆ ಆ ಬದಿಯ ಬಲ ಒಮ್ಮೆಲೇ ಬಿದ್ದುಹೋಗಿ ವಿಮಾನ ಆ ಕಡೆಗೆ ಜೋರಾಗಿ ತಿರುಚಿಕೊಳ್ಳುತ್ತದೆ. ಚಾಲಕರು ಇದನ್ನು ಅನ್‌ಸ್ಟಾರ್ಟ್ ಎನ್ನುತ್ತಿದ್ದರು, ಹೆಲ್ಮೆಟ್ ಕಾಕ್‌ಪಿಟ್‌ನ ಗಾಜಿಗೆ ಬಡಿಯುವಷ್ಟು ರಭಸ ಅದಕ್ಕಿತ್ತು. ಪರೀಕ್ಷೆ ಸುಲಭ: ಮ್ಯಾಕ್ 3ರಲ್ಲಿರುವಾಗ ಒಂದು ಬದಿಯ ಸ್ಪೈಕ್ ನಿಯಂತ್ರಣವನ್ನು ಸ್ವಯಂಚಾಲಿತದಿಂದ ತೆಗೆದು ಕೈಯಿಂದ ಮುಂದಕ್ಕೆ ಸರಿಸಿ. ವಿಮಾನ ಮಿಸುಕಾಡದಿದ್ದರೆ ಆ ಸ್ವಿಚ್ಚು ಬರೀ ಅಲಂಕಾರ.

ಎಸ್‌ಆರ್-71ರಲ್ಲಿ ನಾನು ತಪ್ಪದೆ ನೋಡುವ ಇನ್ನೊಂದು ಚಿಕ್ಕ ಸಂಗತಿಯಿದೆ. ಅದರ ಜೆಪಿ-7 ಇಂಧನ ಸುಲಭವಾಗಿ ಹೊತ್ತಿಕೊಳ್ಳುವಂಥದ್ದಲ್ಲ. ಹೊತ್ತಿಸಲು ಟ್ರೈಈಥೈಲ್‌ಬೋರೇನ್ ಎಂಬ ರಾಸಾಯನಿಕವನ್ನು ಚಿಮ್ಮಿಸಬೇಕು. ಪ್ರತಿ ಎಂಜಿನ್‌ಗೆ ಹದಿನಾರು ಸಲಕ್ಕೆ ಆಗುವಷ್ಟು ಮಾತ್ರ ಇರುತ್ತಿತ್ತು, ಥ್ರಾಟಲ್‌ಗಳ ಪಕ್ಕದಲ್ಲೇ ಎಣಿಕೆಯ ಅಂಕಿ ಕಾಣುತ್ತಿತ್ತು. ಎಂಜಿನ್ ಶುರುಮಾಡಿದಾಗ ಒಂದು, ಆಫ್ಟರ್‌ಬರ್ನರ್ ಹಚ್ಚಿದಾಗ ಒಂದು, ಹೀಗೆ ಅದು ಇಳಿಯಬೇಕು. ಇಳಿದರೆ, ತಯಾರಕರು ಕೈಪಿಡಿಯನ್ನು ಓದಿದ್ದಾರೆ ಎಂದು ನನಗೆ ಧೈರ್ಯ ಬರುತ್ತದೆ. ಈ ವಿಮಾನದ ಚಾಲಕರ ಕೈಪಿಡಿಯ ಗೋಪ್ಯತೆಯನ್ನು ಅಮೆರಿಕ ತೆರವುಗೊಳಿಸಿರುವುದರಿಂದ ನೀವೂ ಅದನ್ನು ಹುಡುಕಿ ಓದಬಹುದು, ಓದಲೇಬೇಕು. ನೀವು ಹೇಳಿದ ಇಂಧನದ ದೂರಿಗೂ ಇಲ್ಲೇ ಉತ್ತರವಿದೆ: ಟ್ಯಾಂಕುಗಳಲ್ಲಿ ಹಿಡಿಯುತ್ತಿದ್ದದ್ದು ಸುಮಾರು 36 ಟನ್, ಅದರಲ್ಲಿ ಎರಡು ಗಂಟೆಗೂ ಮೀರಿ ಮ್ಯಾಕ್ 3ರಲ್ಲಿ ಹಾರುತ್ತಲೇ ಇರುವ ಎಸ್‌ಆರ್-71 ನಂಬತಕ್ಕದ್ದಲ್ಲ. ನಿಜಜೀವನದಲ್ಲಿ ಅದು ಮೇಲೇರಿದ ಕೆಲವೇ ಹೊತ್ತಿಗೆ ಆಕಾಶದಲ್ಲೇ ಇಂಧನ ತುಂಬಿಸುವ ಕೆಸಿ-135ಕ್ಯೂ ಟ್ಯಾಂಕರ್ ವಿಮಾನವನ್ನು ಹುಡುಕಿಕೊಂಡು ಹೋಗುತ್ತಿತ್ತು.

ಇಂಧನದ ಮಾತು ಬಂದಾಗ ಕಾಂಕಾರ್ಡ್‌ಗೆ ಮರಳಬೇಕು, ಏಕೆಂದರೆ ಅಲ್ಲಿ ಇಂಧನವೇ ವಿಮಾನದ ಸಮತೋಲವನ್ನು ಕಾಯುತ್ತದೆ. ಶಬ್ದಾತೀತ ವೇಗದಲ್ಲಿ ರೆಕ್ಕೆಯ ಎತ್ತುಬಲದ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಎಲೆವಾನ್ (ರೆಕ್ಕೆಯ ಹಿಂಬದಿಯ ಚಲಿಸುವ ಹಲಗೆ) ಎತ್ತಿ ಸರಿದೂಗಿಸಿದರೆ ಎಳೆತ ಹೆಚ್ಚುತ್ತದೆ. ಅದಕ್ಕಾಗಿ ಫ್ಲೈಟ್ ಎಂಜಿನಿಯರ್ ಮುಂದಿನ 9 ಮತ್ತು 10ನೇ ಟ್ಯಾಂಕುಗಳಿಂದ ಬಾಲದಲ್ಲಿರುವ 11ನೇ ಟ್ಯಾಂಕಿಗೆ ಇಂಧನ ಸಾಗಿಸಿ, ಗುರುತ್ವಕೇಂದ್ರವನ್ನು (ರೆಕ್ಕೆಯ ಮುಂಬದಿಯಿಂದ ಹಿಂದಕ್ಕೆ ಅಳೆದಂತೆ) ಟೇಕ್-ಆಫ್ ಹೊತ್ತಿನ ಶೇಕಡ 53.5ರ ಸುತ್ತಿನಿಂದ ಪಯಣದ ಹೊತ್ತಿಗೆ 59ಕ್ಕೆ ತರುತ್ತಿದ್ದರು. ಇಳಿಯುವಾಗ ಅದೆಲ್ಲ ಮತ್ತೆ ಮುಂದಕ್ಕೆ ಬರಬೇಕು. ಒಂದು ಸಲ ಬೇಕೆಂದೇ ಆ ಇಂಧನವನ್ನು ಬಾಲದಲ್ಲೇ ಬಿಟ್ಟು ವೇಗ ಇಳಿಸಿ ನೋಡಿ. ಮೂತಿ ಮೇಲೇಳತೊಡಗಿ, ಎಚ್ಚರಿಕೆಯ ಗಂಟೆ ಬಾರಿಸಿ, ವಿಮಾನ ನಿಮ್ಮ ಕೈತಪ್ಪುವ ಹಂತಕ್ಕೆ ಬರಬೇಕು. ಏನೂ ಆಗದಿದ್ದರೆ ಎಂಜಿನಿಯರ್ ಫಲಕದ ಅಷ್ಟೂ ಗುಂಡಿಗಳು ಚಿತ್ರದ ಗುಂಡಿಗಳೇ. ಮ್ಯಾಕ್ 2ರ ಪಯಣದಲ್ಲಿ ನಾಲ್ಕೂ ಎಂಜಿನ್ ಸೇರಿ ಗಂಟೆಗೆ 20 ಟನ್ ಆಸುಪಾಸು ಸುಡಬೇಕೆಂಬುದನ್ನೂ ಗುರುತು ಹಾಕಿಕೊಳ್ಳಿ.

ವೇಗದ ವಿಮಾನವನ್ನು ನಿಧಾನದಲ್ಲೂ ಪರೀಕ್ಷಿಸಬೇಕು. ಕಾಂಕಾರ್ಡ್‌ಗೆ ನಿಧಾನ ವೇಗದಲ್ಲಿ ಹೆಚ್ಚು ಎತ್ತುಬಲ ಕೊಡುವ ಫ್ಲ್ಯಾಪ್‌ಗಳಿಲ್ಲ, ಮೂತಿಯನ್ನು ಹನ್ನೊಂದು ಡಿಗ್ರಿಯಷ್ಟು ಎತ್ತಿಕೊಂಡು, ಸುಮಾರು 160 ನಾಟ್‌ನಲ್ಲಿ ರನ್‌ವೇಗೆ ಬರುತ್ತದೆ. ಆ ಹಂತದಲ್ಲಿ ವೇಗ ಇಳಿದಷ್ಟೂ ಎಳೆತ ಏರುತ್ತದೆ, ಆದ್ದರಿಂದ ಆಟೋಥ್ರಾಟಲ್ ತೆಗೆದು 190ರಿಂದ 160ಕ್ಕೆ ಇಳಿದು ನಿಲ್ಲಿಸಿದಾಗ ನಿಮ್ಮ ಥ್ರಾಟಲ್ ಮೊದಲಿಗಿಂತ ಮುಂದೆ ಇರಬೇಕು. ಹಿಂದೆ ಇದ್ದರೆ ಅದು ಕಾಂಕಾರ್ಡ್ ವೇಷದ ಸಾಮಾನ್ಯ ವಿಮಾನ.

ಈಗ ಯಾವುದನ್ನು ಕೊಳ್ಳಬೇಕು ಎಂಬ ಮಾತು. ಎಕ್ಸ್-ಪ್ಲೇನ್ ರೆಕ್ಕೆಯನ್ನು ಹಲವು ತುಂಡುಗಳಾಗಿ ವಿಂಗಡಿಸಿ ಪ್ರತಿ ತುಂಡಿನ ಮೇಲಿನ ಬಲವನ್ನು ಲೆಕ್ಕ ಹಾಕುತ್ತದೆ, ಶಬ್ದಾತೀತ ವೇಗದಲ್ಲಿ ಆ ತುಂಡನ್ನು ವಜ್ರಾಕೃತಿಯ ರೆಕ್ಕೆಯೆಂದು ಭಾವಿಸಿ ಮುಂದುವರಿಯುತ್ತದೆ. ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಿ ಮ್ಯಾಕ್‌ಗೆ ತಕ್ಕಂತೆ ಎಳೆತ ಮತ್ತು ಎಂಜಿನ್ ಬಲ ಬದಲಾಗುವ ಕೋಷ್ಟಕಗಳನ್ನು ತಯಾರಕರು ಎಷ್ಟು ಕಾಳಜಿಯಿಂದ ತುಂಬಿದ್ದಾರೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಎರಡರಲ್ಲೂ ಒಳ್ಳೆಯ ವಿಮಾನ ಮಾಡಬಹುದು, ಎರಡರಲ್ಲೂ ಕೆಟ್ಟದ್ದೂ ಇದೆ. ಕಾಂಕಾರ್ಡ್‌ಗಳ ಪೈಕಿ ಎಫ್‌ಎಸ್‌ಲ್ಯಾಬ್ಸ್ ಅವರ ಕಾಂಕಾರ್ಡ್-ಎಕ್ಸ್ ಎಂಜಿನಿಯರ್ ಫಲಕದ ಆಳಕ್ಕೆ ಹೆಸರಾದದ್ದು, ಆದರೆ ಅದು ಎಫ್‌ಎಸ್‌ಎಕ್ಸ್ ಮತ್ತು ಪ್ರಿಪೇರ್3ಡಿ ಎಂಬ ಹಳೆಯ ಸಿಮ್ಯುಲೇಟರುಗಳ ಕಾಲದ ಸರಕು. ಅದಕ್ಕಾಗಿ ಇನ್ನೊಂದು ಸಿಮ್ಯುಲೇಟರ್ ಕೊಳ್ಳಿ ಎಂದು ನಾನು ಹೇಳಲಾರೆ. ಮೈಕ್ರೋಸಾಫ್ಟ್‌ನದಕ್ಕೆ ಡಿಸಿ ಡಿಸೈನ್ಸ್ ಅವರ ಕಾಂಕಾರ್ಡ್ ಇದೆ. ಅದು ಆಳದಲ್ಲಿ ಕಾಂಕಾರ್ಡ್-ಎಕ್ಸ್‌ಗಿಂತ ಹಗುರ, ಸಂಜೆ ಎರಡು ಗಂಟೆ ಬಿಡುವಿದ್ದವರಿಗೆ ಒಗ್ಗುವಂಥದ್ದು. ಎಕ್ಸ್-ಪ್ಲೇನ್‌ಗೆ ಕೋಲಿಮಾಟಾ ಅವರ ಕಾಂಕಾರ್ಡ್ ಎಫ್‌ಎಕ್ಸ್‌ಪಿ ಇದೆ, ನಿಮ್ಮಲ್ಲಿ ಎಕ್ಸ್-ಪ್ಲೇನ್ 12 ಇರುವುದರಿಂದ ನಾನು ಮೊದಲು ಬೆರಳು ತೋರಿಸುವುದು ಅದರ ಕಡೆಗೆ. ದುಡ್ಡು ಕೊಡುವ ಮುನ್ನ ಅಭ್ಯಾಸ ಬೇಕೆಂದರೆ ಉಚಿತವಾಗಿ ಸಿಗುವ ಫ್ಲೈಟ್‌ಗೇರ್ ಸಿಮ್ಯುಲೇಟರಿನಲ್ಲೂ ಬಹಳ ಶ್ರದ್ಧೆಯಿಂದ ಮಾಡಿದ ಕಾಂಕಾರ್ಡ್ ಇದೆ. ಚಿತ್ರಗಳು ಹಳೆಯವಾಗಿ ಕಂಡರೂ ಇಂಧನ ಸಾಗಣೆಯನ್ನು ಕಲಿಯಲು ಅದು ಸಾಕು.

ಶಬ್ದಾತೀತ ಯುದ್ಧವಿಮಾನ ಬೇಕೆಂದರೆ ಡಿಸಿಎಸ್ ಎಂಬ ಯುದ್ಧವಿಮಾನ ಸಿಮ್ಯುಲೇಟರಿನಲ್ಲಿರುವ ಮಿಗ್-21ಬಿಸ್ ನನ್ನ ಆಯ್ಕೆ. 2025ರ ಸೆಪ್ಟೆಂಬರ್‌ವರೆಗೆ ನಮ್ಮ ವಾಯುಪಡೆಯಲ್ಲೇ ಇದ್ದ ವಿಮಾನವಾದ್ದರಿಂದ ಅದರ ಬಗ್ಗೆ ಬಲ್ಲವರೂ ನಮ್ಮ ನಡುವೆ ಇದ್ದಾರೆ. ಮಿಗ್-25ರ ಮೇಲೆ ನನಗೂ ಬಹಳ ಪ್ರೀತಿ; 1981ರಿಂದ 2006ರವರೆಗೆ ಬರೇಲಿಯಿಂದ ಹಾರಿದ ನಮ್ಮ 102ನೇ ಸ್ಕ್ವಾಡ್ರನ್‌ನ ಕಾರಣದಿಂದ. ಅದರ ಆ್ಯಡ್-ಆನ್ ಕಂಡರೆ ಮ್ಯಾಕ್ 2.83ರ ಮಿತಿಯನ್ನು ಅದು ಹೇಗೆ ನಿಭಾಯಿಸುತ್ತದೆ ಎಂದು ನೋಡಿ; ಅದನ್ನು ಮೀರಿ ಹೋದಾಗ ಎಂಜಿನ್‌ಗೆ ಹಾನಿಯಾಗಬೇಕು. ಒಂದು ಹಾಲಿವುಡ್ ಚಿತ್ರದ ಜೊತೆಗೆ 2022ರಲ್ಲಿ ಉಚಿತವಾಗಿ ಬಂದ ಡಾರ್ಕ್‌ಸ್ಟಾರ್ ಮ್ಯಾಕ್ 10 ಮುಟ್ಟುತ್ತದೆ, ಮಕ್ಕಳಿಗೆ ತೋರಿಸಲು ಚೆನ್ನ. ಆದರೆ ಅಂಥ ನಿಜವಾದ ವಿಮಾನವೇ ಇಲ್ಲದ್ದರಿಂದ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ.

ಎಸ್‌ಆರ್-71ನ್ನೇ ಹಾರಿಸಬೇಕೆಂಬ ಆಸೆ ನಿಮ್ಮದಾದರೆ ಎರಡು ಎಚ್ಚರಿಕೆ. ಮ್ಯಾಕ್ 3.2ರಲ್ಲಿ ಅದು ನಿಮಿಷಕ್ಕೆ 57 ಕಿಲೋಮೀಟರ್ ಕ್ರಮಿಸುತ್ತದೆ. ನೆಲದ ಚಿತ್ರಗಳನ್ನು ಇಂಟರ್ನೆಟ್‌ನಿಂದ ತರಿಸಿಕೊಳ್ಳುವ ಸಿಮ್ಯುಲೇಟರ್ ಆ ವೇಗಕ್ಕೆ ಹಿಂದೆ ಬೀಳಬಹುದು, ಕೆಳಗಿನ ನೆಲ ಮಸುಕಾಗಿ ಕಂಡರೆ ವಿಮಾನವನ್ನು ದೂರಬೇಡಿ. ಹಾಗೆಯೇ ಆ ವೇಗದಲ್ಲಿ 30 ಡಿಗ್ರಿ ವಾಲಿ ತಿರುಗಿದರೆ ತಿರುವಿನ ತ್ರಿಜ್ಯ ಸುಮಾರು 160 ಕಿಲೋಮೀಟರ್ ಆಗುತ್ತದೆ, ಅಂದರೆ ಬೆಂಗಳೂರಿನ ಮೇಲೆ ತಿರುಗಲು ಶುರುಮಾಡಿದವರು ಹಿಂದಿರುಗಿ ಮುಖ ಮಾಡುವಷ್ಟರಲ್ಲಿ ಪಕ್ಕಕ್ಕೆ 320 ಕಿಲೋಮೀಟರ್ ಸರಿದಿರುತ್ತಾರೆ. ಒಳ್ಳೆಯ ಆ್ಯಡ್-ಆನ್‌ನ ಆಟೋಪೈಲಟ್ ಮುಂದಿನ ಬಿಂದುವಿಗೆ ಬಹಳ ಮೊದಲೇ ತಿರುಗಲು ಶುರುಮಾಡುತ್ತದೆ. ಬಿಂದುವಿನ ಮೇಲೆ ಬಂದ ಮೇಲೆ ಗಡಬಡಿಸಿ ತಿರುಗುವುದು ಪ್ರಯಾಣಿಕ ವಿಮಾನದ ಆಟೋಪೈಲಟ್‌ನ್ನು ಎರವಲು ತಂದದ್ದರ ಗುರುತು.

ಕೊಳ್ಳುವ ಮುನ್ನ ತಯಾರಕರ ಕೈಪಿಡಿಯನ್ನು ಇಳಿಸಿಕೊಂಡು ಓದಿ. ಏರಿಕೆಯ ವೇಗಗಳು, ತಾಪದ ಮಿತಿ, ಗುರುತ್ವಕೇಂದ್ರದ ಕೋಷ್ಟಕ ಅದರಲ್ಲಿ ಇಲ್ಲದಿದ್ದರೆ ವಿಮಾನದಲ್ಲೂ ಇರುವ ಸಂಭವ ಕಡಿಮೆ. ಟೇಕ್-ಆಫ್ ಮತ್ತು ಹೊಳೆಯುವ ಕಾಕ್‌ಪಿಟ್ ಮಾತ್ರ ತೋರಿಸುವ ವಿಡಿಯೊಗಳನ್ನು ಬಿಟ್ಟು, ಇಡೀ ಹಾರಾಟವನ್ನು ಕತ್ತರಿಸದೆ ತೋರಿಸುವ ಒಂದನ್ನು ಹುಡುಕಿ, ಮ್ಯಾಕ್ 0.95ರಿಂದ 2ರವರೆಗಿನ ಭಾಗದಲ್ಲಿ ಮಾಪಕಗಳನ್ನೇ ನೋಡಿ. ದುಡ್ಡು ಹಿಂತಿರುಗಿಸುವ ಅವಧಿ ಎಷ್ಟು ಎಂದು ಅಂಗಡಿಯ ನಿಯಮದಲ್ಲಿ ಮೊದಲೇ ತಿಳಿದುಕೊಂಡು, ಕೊಂಡ ದಿನವೇ ಲಂಡನ್‌ನಿಂದ ನ್ಯೂಯಾರ್ಕಿಗೆ ಒಂದು ಪೂರ್ಣ ಹಾರಾಟ ಮಾಡಿ. 95 ಟನ್ ಹಿಡಿಯುವ ಟ್ಯಾಂಕಿನಲ್ಲಿ ಸುಮಾರು ಮೂರೂವರೆ ಗಂಟೆಯ ಆ ದಾರಿ ಮುಗಿದಾಗ ಸ್ವಲ್ಪವೇ ಮೀಸಲು ಇಂಧನ ಉಳಿದಿರಬೇಕು. ಅರ್ಧ ಟ್ಯಾಂಕ್ ಉಳಿದಿದ್ದರೆ ಅಂದು ಸಂಜೆಯೇ ಹಣ ವಾಪಸು ಕೇಳಿ.